ಕಾಮಾಲೆಯಲ್ಲಿ ಮೂತ್ರ ಗಾಢವಾಗಿ, ಮಲ ಬಿಳಿಚಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಕಾಮಾಲೆಯಾಗಿದೆ. ಮೂತ್ರ ಚಹಾದ ಡಿಕಾಕ್ಷನ್‌ನಂತೆ ಗಾಢವಾಗಿದ್ದು, ಮಲ ಮಾತ್ರ ಬಿಳಿಚಿಕೊಂಡಿದೆ. ಇದಕ್ಕೆ ಕಾರಣವೇನು? ಅಡುಗೆಯಲ್ಲಿ ಅರಿಶಿನ ಬಿಡಬೇಕೇ?

ಉತ್ತರ: ಕಣ್ಣಿನ ಹಳದಿಗೂ ನೀವು ಹೇಳಿರುವ ಎರಡು ಬದಲಾವಣೆಗಳಿಗೂ ಮೂಲ ಒಂದೇ ವಸ್ತು, ಬಿಲಿರುಬಿನ್. ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳು ಮುಪ್ಪಾದ ಮೇಲೆ ಹೆಚ್ಚಾಗಿ ಗುಲ್ಮದಲ್ಲಿ ಒಡೆಯುತ್ತವೆ. ಅವುಗಳ ಹಿಮೋಗ್ಲೋಬಿನ್‌ನಲ್ಲಿದ್ದ ಕಬ್ಬಿಣವನ್ನು ದೇಹ ಉಳಿಸಿಕೊಳ್ಳುತ್ತದೆ. ಕಬ್ಬಿಣ ಕಳೆದ ಹೀಮ್ ಭಾಗದಿಂದ ವಯಸ್ಕರಲ್ಲಿ ದಿನಕ್ಕೆ 250ರಿಂದ 300 ಮಿಲಿಗ್ರಾಂನಷ್ಟು ಬಿಲಿರುಬಿನ್ ಉಂಟಾಗುತ್ತದೆ. ನೀರಿನಲ್ಲಿ ಕರಗದ ಈ ತ್ಯಾಜ್ಯವು ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಸಾಗುವುದರಿಂದ, ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕಲಾರವು. ಯಕೃತ್ತು ಅದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದೊಂದಿಗೆ ಸಣ್ಣ ಕರುಳಿಗೆ ಕಳುಹಿಸುತ್ತದೆ. ಮುಂದಿನ ಕೆಲಸ ಕರುಳಿನ ಬ್ಯಾಕ್ಟೀರಿಯಾಗಳದು. ಅವು ಬಿಲಿರುಬಿನ್‌ನಿಂದ ಯುರೋಬಿಲಿನೋಜೆನ್ ತಯಾರಿಸುತ್ತವೆ. ಅದರ ಬಹುಪಾಲು ಸ್ಟೆರ್ಕೋಬಿಲಿನ್ ಆಗಿ ಮಲಕ್ಕೆ ಕಂದು ಬಣ್ಣ ಕೊಟ್ಟರೆ, ರಕ್ತಕ್ಕೆ ಮರಳಿದ ಅಲ್ಪ ಭಾಗ ಯುರೋಬಿಲಿನ್ ಆಗಿ ಮೂತ್ರಕ್ಕೆ ಸಹಜವಾದ ತಿಳಿಹಳದಿಯನ್ನು ಕೊಡುತ್ತದೆ.

ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ ಅಥವಾ ಮೇದೋಜೀರಕ ಗ್ರಂಥಿಯ ಗಡ್ಡೆ ನಾಳವನ್ನು ಅದುಮಿದಾಗ ಬಿಲಿರುಬಿನ್ ಕರುಳನ್ನು ತಲುಪದೆ, ಮಲ ಬಣ್ಣ ಕಳೆದುಕೊಳ್ಳುತ್ತದೆ. ಯಕೃತ್ತು ಕರಗುವ ರೂಪಕ್ಕೆ ತಂದಿದ್ದ ಅದೇ ಬಿಲಿರುಬಿನ್ ರಕ್ತಕ್ಕೆ ಹಿಂತಿರುಗಿ, ಈಗ ಮೂತ್ರಪಿಂಡಗಳ ಮೂಲಕ ಹೊರಬೀಳುವುದರಿಂದ ಮೂತ್ರ ಗಾಢವಾಗುತ್ತದೆ. ರಕ್ತಕಣಗಳು ಅತಿಯಾಗಿ ಒಡೆಯುವುದರಿಂದ ಬರುವ ಕಾಮಾಲೆಯಲ್ಲಿ ಮಲ ಬಿಳಿಚುವುದಿಲ್ಲ. ಯಕೃತ್ತಿನ ಸೋಂಕಿನಲ್ಲಿಯೂ ಕೆಲವು ದಿನ ಮಲ ಬಿಳಿಚಿಕೊಳ್ಳಬಹುದಾದ್ದರಿಂದ, ರಕ್ತಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸದೆ ಕಾರಣವನ್ನು ನಿರ್ಧರಿಸಲಾಗದು. ತಂದೆಯವರಿಗೆ ಇವೆರಡನ್ನೂ ತಡಮಾಡದೆ ಮಾಡಿಸಿ. ಜ್ವರ, ಚಳಿ, ಹೊಟ್ಟೆನೋವು ಜೊತೆಗಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಾರು, ಪಲ್ಯಕ್ಕೆ ಹಾಕುವ ಅರಿಶಿನಕ್ಕೂ ಈ ಹಳದಿಗೂ ಸಂಬಂಧವಿಲ್ಲ. ಹೆಪಟೈಟಿಸ್ ಎ ಎಂಬ ವೈರಸ್ ಸೋಂಕಿನಿಂದ ಬರುವ ಕಾಮಾಲೆ ಬಹುತೇಕರಲ್ಲಿ ತಾನಾಗಿ ವಾಸಿಯಾಗುವುದರಿಂದ, ಆ ಹೊತ್ತಿಗೆ ಕೊಟ್ಟಿದ್ದ ನಾಟಿ ಔಷಧಕ್ಕೆ ವಾಸಿ ಮಾಡಿದ ಹೆಸರು ಸಲ್ಲುತ್ತದೆ. ನಾಳವೇ ಕಟ್ಟಿಕೊಂಡಿರುವಾಗ ಅಂಥ ಔಷಧವನ್ನು ನಂಬಿ ಕಾಯುವುದು, ಕೈಗೆ ಬರೆ ಹಾಕಿಸುವುದು ಅಪಾಯಕರವೆಂದು ನಾನು ಒತ್ತಿ ಹೇಳುತ್ತೇನೆ. ಬರೆಯಿಂದ ಕಲ್ಲು ಕರಗದು, ಗಡ್ಡೆಯೂ ಕುಗ್ಗದು.

ಹಸುಗೂಸುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮೊದಲ ವಾರದ ಕಾಮಾಲೆ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಆದರೆ ಎರಡು ವಾರ ಕಳೆದರೂ ಹಳದಿ ಉಳಿದು, ಮಲ ಸುಣ್ಣದ ಬಣ್ಣಕ್ಕಿದ್ದರೆ, ಪಿತ್ತನಾಳಗಳು ಮುಚ್ಚಿಹೋಗಿರುವ ಬಿಲಿಯರಿ ಅಟ್ರೇಸಿಯಾ ಇರಬಹುದು. ಅದಕ್ಕೆ ಮಾಡುವ ಕಸಾಯ್ ಶಸ್ತ್ರಚಿಕಿತ್ಸೆ ಮಗುವಿಗೆ 60 ದಿನ ತುಂಬುವುದರೊಳಗೆ ನಡೆದರೆ ಫಲಿಸುವ ಸಾಧ್ಯತೆ ಹೆಚ್ಚು.