ಬ್ಯಾಂಕ್ ಮಾಡಿಸಿದ ಇನ್ಶೂರೆನ್ಸ್ ಅಂಗಡಿಗೆ ಸಾಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಬಟ್ಟೆ ಅಂಗಡಿ ಇದೆ. ಸಾಲ ಕೊಡುವಾಗ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ. ವರ್ಷ ವರ್ಷ ಖಾತೆಯಿಂದ ಹಣ ಕಟ್ ಆಗುತ್ತದೆ. ಬೇರೆ ಏನಾದರೂ ಮಾಡಿಸಬೇಕಾ?

ಉತ್ತರ: ಮೊದಲು ಆ ಪಾಲಿಸಿಯ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ಎಷ್ಟೋ ಅಂಗಡಿಯವರು ಅದನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಸಿಕ್ಕ ಮೇಲೆ ವಿಮೆಯ ಮೊತ್ತ ಎಷ್ಟಿದೆ, ಯಾವ ವಿಳಾಸ ಇದೆ ಅಂತ ನೋಡಿ.

ಬ್ಯಾಂಕಿಗೆ ಬೇಕಿರುವುದು ತನ್ನ ಸಾಲದ ಭದ್ರತೆ. ಹಾಗಾಗಿ ಸಾಲದಷ್ಟಕ್ಕೇ ವಿಮೆ ಮಾಡಿಸಿರಬಹುದು. ಸಾಲ 10 ಲಕ್ಷ, ಅಂಗಡಿಯಲ್ಲಿರುವ ಸರಕು 20 ಲಕ್ಷ ಅಂದುಕೊಳ್ಳಿ. ಬೆಂಕಿ ಬಿದ್ದು 4 ಲಕ್ಷದ ಸೀರೆ ಸುಟ್ಟವು. 10 ಲಕ್ಷದ ವಿಮೆ ಇದೆಯಲ್ಲ, 4 ಲಕ್ಷವೂ ಬರುತ್ತದೆ ಅನಿಸುತ್ತದೆ ಅಲ್ವಾ? ಬರುವುದು ಸುಮಾರು 2 ಲಕ್ಷ. ಅರ್ಧ ಸರಕಿಗೆ ಮಾತ್ರ ವಿಮೆ ಇದೆ, ಅದಕ್ಕೇ ನಷ್ಟದಲ್ಲೂ ಅರ್ಧ. ಕ್ಲೇಮ್‌ಗೆ ಹೋದಾಗಲೇ ಅನೇಕರಿಗೆ ಇದು ಗೊತ್ತಾಗುವುದು. ನನಗೆ ತುಂಬಾ ಬೇಸರ ತರುವ ವಿಷಯ ಇದೇ.

2021ರ ಏಪ್ರಿಲ್‌ನಿಂದ ಸಣ್ಣ ಉದ್ದಿಮೆಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ ಇದೆ. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಇದು ಅನ್ವಯ. ಪ್ರವಾಹ, ಭೂಕಂಪವೂ ಇದರೊಳಗೇ ಬರುತ್ತವೆ. ವಿಮೆ ಮೊತ್ತ ಶೇ 15ರವರೆಗೆ ಕಮ್ಮಿ ಬಿದ್ದರೂ ಕಡಿತ ಮಾಡುವುದಿಲ್ಲ. ಆದರೆ ದೀಪಾವಳಿ ಮುಂಚೆ ನಿಮ್ಮ ಸರಕು ಶೇ 15ರಷ್ಟೇ ಜಾಸ್ತಿ ಆಗುತ್ತದಾ? ದುಪ್ಪಟ್ಟೇ ಆಗಬಹುದು. ಹಬ್ಬದ ಸರಕನ್ನೂ ಲೆಕ್ಕ ಹಾಕಿ ಮೊತ್ತ ಬರೆಸಿ.

ಹಿಂದಿನ ಬೀದಿಯಲ್ಲಿ ಗೋಡೌನ್ ಇದ್ದರೆ ಅದರ ವಿಳಾಸವನ್ನೂ ಸೇರಿಸಿ.

ಕಳ್ಳತನ ಬೇರೆ ವಿಷಯ. ಬೆಂಕಿ, ಪ್ರವಾಹ ಆದ 7 ದಿನದೊಳಗೆ ಅದೇ ಕಾರಣಕ್ಕೆ ಆದ ಕಳವಿಗೆ ಮಾತ್ರ ಮೇಲಿನ ಪಾಲಿಸಿಯಲ್ಲಿ ಹಣ ಸಿಗುತ್ತದೆ. ಶಟರ್ ಮುರಿದು ಕದ್ದರೆ ಬರ್ಗ್ಲರಿ ಪಾಲಿಸಿ ಬೇಕು. ಕೆಲಸದವರೇ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಅದಕ್ಕೆ ಫಿಡೆಲಿಟಿ ಗ್ಯಾರಂಟಿ ಅಂತ ಇನ್ನೊಂದು. ಒಂದೊಂದಾಗಿ ತೆಗೆದುಕೊಳ್ಳುವ ಬದಲು ಶಾಪ್‌ಕೀಪರ್ಸ್ ಪ್ಯಾಕೇಜ್ ಪಾಲಿಸಿ ಕೇಳಿ, ಬೇಕಾದ ಭಾಗ ಆರಿಸಿಕೊಳ್ಳಿ. ಅಂಗಡಿ ಮುಚ್ಚಿದ್ದ ತಿಂಗಳುಗಳ ಲಾಭಕ್ಕೂ ಪ್ರತ್ಯೇಕ ಕವರ್ ಬೇಕು.

ಖರೀದಿ ಬಿಲ್ಲು, ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಎರಡನ್ನೂ ಪ್ರತಿ ತಿಂಗಳು ಫೋಟೊ ತೆಗೆದು ಇಮೇಲ್‌ನಲ್ಲಿ ಇಡಿ. ಅಂಗಡಿಯ ಜೊತೆ ಬಿಲ್ ಪುಸ್ತಕವೂ ಸುಟ್ಟುಹೋದರೆ ನಷ್ಟ ಲೆಕ್ಕ ಹಾಕಲು ಬರುವ ಸರ್ವೇಯರ್‌ಗೆ ತೋರಿಸಲು ಅದೇ ಆಧಾರ.