ಮೌಲ್ಯಮಾಪಕರು ಮತ್ತು ಮಧ್ಯಸ್ಥಿಕೆ: ಬೆಲೆ ಕಟ್ಟುವವರ ಸ್ಥಾನ ಯಾವುದು?

ಭೂಮಿಯ ಬೆಲೆಯ ತಕರಾರನ್ನು ಬೆಲೆ ಕಟ್ಟಬಲ್ಲವರ ಮುಂದೆಯೇ ತೀರಿಸಿಕೊಳ್ಳುವ ಪದ್ಧತಿ ಇಂಗ್ಲೆಂಡಿನಲ್ಲಿ ವ್ಯಾಪಕವಾದದ್ದು ರೈಲುಮಾರ್ಗಗಳು ಹರಡಿದ ಕಾಲದಲ್ಲಿ. ಇಂಥ ಕಾಮಗಾರಿಗಳಿಗಾಗಿ ಸ್ವಾಧೀನಪಡಿಸಿಕೊಂಡ ಭೂಮಿಗೆ ಕೊಡುವ ಪರಿಹಾರದ ಮೊತ್ತದ ಬಗ್ಗೆ ಒಮ್ಮತ ಮೂಡದಿದ್ದರೆ ಎರಡೂ ಕಡೆಯವರು ಒಬ್ಬೊಬ್ಬ ಮಧ್ಯಸ್ಥಗಾರನನ್ನು (ನ್ಯಾಯಾಲಯದ ಹೊರಗೆ ವಿವಾದವನ್ನು ತೀರ್ಮಾನಿಸುವವನನ್ನು) ನೇಮಿಸಿಕೊಳ್ಳಲು, ಅವರಿಬ್ಬರಿಗೂ ಹೊಂದಾಣಿಕೆಯಾಗದಿದ್ದಲ್ಲಿ ಮೂರನೆಯವನೊಬ್ಬ ತೀರ್ಮಾನಿಸಲು 1845ರ ಲ್ಯಾಂಡ್ಸ್ ಕ್ಲಾಜಸ್ ಕಾಯ್ದೆ ಅವಕಾಶ ಕೊಟ್ಟಿತು. ನೇಮಿಸಿದವರ ಕಡೆಗೆ ವಾಲುವ ಅಪಾಯ ಆ ಏರ್ಪಾಟಿನಲ್ಲೇ ಇತ್ತು. ಭೂಸ್ವಾಧೀನದ ಪರಿಹಾರ ಕುರಿತ 1919ರ ಕಾಯ್ದೆಯು ಭೂಮಿಯ ಮೌಲ್ಯಮಾಪನದಲ್ಲಿ ವಿಶೇಷ ಜ್ಞಾನವುಳ್ಳವರ ಅಧಿಕೃತ ಪಟ್ಟಿಯಿಂದ ಒಬ್ಬನನ್ನು ಆರಿಸುವ ಕ್ರಮವನ್ನು ತಂದಿತು. ಸ್ವಇಚ್ಛೆಯಿಂದ ಮಾರುವವನಿಗೆ ಮುಕ್ತ ಮಾರುಕಟ್ಟೆಯಲ್ಲಿ ಸಿಗಬಹುದಾದ ಬೆಲೆಯನ್ನೇ ಅಳತೆಗೋಲಾಗಿಸಿತು. ಮಧ್ಯಸ್ಥಗಾರ ಬೇರೆ ಸೂಚನೆ ಕೊಡದ ಹೊರತು ಒಂದು ಕಡೆಗೆ ಒಬ್ಬನೇ ತಜ್ಞ ಸಾಕ್ಷಿ ಎಂಬ ಮಿತಿಯನ್ನೂ ಹಾಕಿತು. ತಜ್ಞರ ವರದಿಗಳು ಕಂತೆಕಂತೆಯಾಗಿ ಬಂದು ಬೀಳುವ ಇಂದಿನ ವಿಚಾರಣೆಗಳನ್ನು ಕಂಡಾಗ ಈ ಮಿತಿಯ ವಿವೇಕ ಅರ್ಥವಾಗುತ್ತದೆ.

ಬೆಲೆ ಕಟ್ಟುವುದು ಮತ್ತು ವಿವಾದ ತೀರ್ಮಾನಿಸುವುದು ಒಂದೇ ಕೆಲಸವಲ್ಲ ಎಂಬುದು ಸ್ಪಷ್ಟವಾಗಲು ಮಾತ್ರ ಇನ್ನೂ ಅರ್ಧ ಶತಮಾನ ಹಿಡಿಯಿತು. ಇಬ್ಬರ ನಡುವೆ ನಿಂತು ನ್ಯಾಯವಾಗಿ ಮೊತ್ತ ಹೇಳುವವನನ್ನು ಮಧ್ಯಸ್ಥಗಾರನಿಗೆ ಸಮಾನನೆಂದು ಕಂಡು, ಅಜಾಗರೂಕತೆಯ ದಾವೆಯಿಂದ ರಕ್ಷಿಸುವ ವಾಡಿಕೆ ಆವರೆಗೆ ಇತ್ತು. 1975ರಲ್ಲಿ, ಖಾಸಗಿ ಕಂಪನಿಯೊಂದರ ಷೇರುಗಳಿಗೆ ಬೆಲೆ ಕಟ್ಟಿದ ಲೆಕ್ಕಪರಿಶೋಧಕರ ಕುರಿತಾದ ಅರೆನ್ಸನ್ ಪ್ರಕರಣದಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಈ ರಕ್ಷಣೆಯನ್ನು ನಿರಾಕರಿಸಿತು. ತನ್ನ ಮುಂದೆ ರೂಪುಗೊಂಡ ವಿವಾದವಿದ್ದು, ಉಭಯರ ವಾದ ಕೇಳಿ ನಿರ್ಣಯಿಸುವವನು ಮಾತ್ರ ಮಧ್ಯಸ್ಥಗಾರ. ತನ್ನ ಪರಿಣತಿಯಿಂದಷ್ಟೇ ಮೊತ್ತ ಹೇಳುವವನು ಅದಕ್ಕೆ ಹೊಣೆಗಾರ.

ಮಧ್ಯಸ್ಥಗಾರನಾದ ಮೌಲ್ಯಮಾಪಕನಿಗೆ ಇನ್ನೊಂದು ಇಕ್ಕಟ್ಟಿದೆ. ಅವನನ್ನು ಆರಿಸುವುದೇ ಅವನ ಅನುಭವಕ್ಕಾಗಿ. ಆದರೆ ಆ ಅನುಭವವನ್ನು ಅವನು ಗುಟ್ಟಾಗಿ ಬಳಸುವಂತಿಲ್ಲ. 1981ರ ಫಾಕ್ಸ್ ಪ್ರಕರಣದಲ್ಲಿ, ಎದುರು ಪಕ್ಷ ಗೈರುಹಾಜರಾಗಿದ್ದಾಗ ಮಧ್ಯಸ್ಥಗಾರನು ತಜ್ಞ ಸಾಕ್ಷಿಗಳ ಮಾತನ್ನು ತನ್ನದೇ ಜ್ಞಾನದಿಂದ ತಳ್ಳಿಹಾಕಿ, ಅದನ್ನು ಅವರಿಗೆ ತಿಳಿಸಿ ಉತ್ತರ ಕೇಳದೆ ಹೋದದ್ದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ ಒಪ್ಪಿಗೆಯಾಗಲಿಲ್ಲ. ಹೋಲಿಕೆಗೆ ತಕ್ಕ ಮಾರಾಟವೊಂದು ತನಗೆ ಗೊತ್ತಿದ್ದರೆ ಅದನ್ನು ಇಬ್ಬರ ಮುಂದೆಯೂ ಇಟ್ಟು, ಅವರ ಮಾತು ಕೇಳಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೌಲ್ಯಮಾಪಕನ ಉಳಿದ ಪಾತ್ರಗಳು ಸಾಕ್ಷಿಯವು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ 1985ರ ಮಧ್ಯಸ್ಥಿಕೆಯ ಮಾದರಿ ಕಾನೂನಿನ 26ನೆಯ ವಿಧಿಯಂತೆ ಮಧ್ಯಸ್ಥಗಾರರ ಮಂಡಳಿಯೇ ತಜ್ಞನನ್ನು ನೇಮಿಸಿಕೊಳ್ಳಬಹುದು. ಪಕ್ಷಗಾರರು ಅವನನ್ನು ವಿಚಾರಣೆಗೆ ಕರೆಸಿ ಪ್ರಶ್ನಿಸಬಹುದು. ಪಕ್ಷಗಾರರೇ ಕರೆತರುವ ತಜ್ಞನು ತನ್ನ ಸ್ವಾತಂತ್ರ್ಯದ ಹೇಳಿಕೆಯನ್ನು ವರದಿಯಲ್ಲೇ ಕೊಡಬೇಕೆಂದು ಅಂತರರಾಷ್ಟ್ರೀಯ ವಕೀಲರ ಸಂಘದ 2010ರ ಸಾಕ್ಷ್ಯ ನಿಯಮಗಳು ಹೇಳಿದವು. ಇಬ್ಬರು ತಜ್ಞರು ಮೊದಲೇ ಒಟ್ಟಿಗೆ ಕುಳಿತು, ಮೌಲ್ಯ ನಿಗದಿಯ ದಿನಾಂಕ, ಅಳತೆ, ಹೋಲಿಕೆಯ ವ್ಯವಹಾರಗಳಲ್ಲಿ ಎಲ್ಲೆಲ್ಲಿ ಒಮ್ಮತವಿದೆಯೆಂದು ಬರೆದುಕೊಟ್ಟರೆ ವಿಚಾರಣೆಯ ಬಹುಪಾಲು ಕಾಲ ಉಳಿಯುತ್ತದೆ. ಎಷ್ಟೋ ಸಲ ದೊಡ್ಡ ಅಂತರಕ್ಕೆ ಕಾರಣ ಲೆಕ್ಕದ ವಿಧಾನವಲ್ಲ, ಇಬ್ಬರೂ ಬೇರೆಬೇರೆ ದಿನಾಂಕ ಹಿಡಿದುಕೊಂಡದ್ದು.