ಫ್ರಿಜ್ಜಿನಿಂದ ತೆಗೆದು 20 ನಿಮಿಷ

ಬೆಂಗಳೂರಿನ ಹೋಟೆಲುಗಳಲ್ಲಿ ವೈನ್ ಬಡಿಸುವುದು, ಬಡಿಸುವ ಹುಡುಗ ಹುಡುಗಿಯರಿಗೆ ಕಲಿಸುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಟೇಬಲ್ ಟೇಬಲಿಗೂ ಹೋಗಿ ಹೇಳಿದ ಮಾತು ಒಂದೇ. ಒಳ್ಳೆಯ ಬಿಳಿ ವೈನನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ ಕುಡಿಯಬೇಡಿ. ಅದಕ್ಕೆ ಐಸ್ ಅಂತೂ ಹಾಕಲೇಬೇಡಿ.

ಕಳೆದ ತಿಂಗಳು ಒಬ್ಬ ಹಿರಿಯರು ಮಗಳ ಜೊತೆ ಊಟಕ್ಕೆ ಬಂದಿದ್ದರು. ಮಗಳಿಗೆ ಬಡ್ತಿ ಸಿಕ್ಕ ಖುಷಿ. ಇಟಲಿಯ ಫಿಯಾನೊ ದಿ ಅವೆಲ್ಲಿನೊ ಎಂಬ ಬಿಳಿ ವೈನ್ ಬೇಕೆಂದರು. ನಮ್ಮ ಹುಡುಗ ಫ್ರಿಜ್ಜಿನಿಂದ ತೆಗೆದವನೇ ಸುರಿದುಬಿಟ್ಟ. ಹಿರಿಯರು ಒಂದು ಗುಟುಕು ಕುಡಿದು ನನ್ನನ್ನು ಕರೆದರು. "ಏನಮ್ಮಾ ಇದು, ನಿಂಬೆಹಣ್ಣು ಹಿಂಡಿದ ನೀರಿನ ಥರ ಇದೆ. ಇದಕ್ಕೆ ಇಷ್ಟೊಂದು ದುಡ್ಡಾ?"

"ಸಾರ್, ಗ್ಲಾಸ್ ಹಾಗೇ ಇರಲಿ. ಮೀನು ಬಂದಮೇಲೆ ಇನ್ನೊಂದ್ಸಲ ನೋಡಿ" ಅಂದೆ.

20 ನಿಮಿಷ ಆಗಿರಬೇಕು. ಮತ್ತೆ ಕರೆದರು. "ಬೇರೆ ಬಾಟ್ಲಿ ತಂದ್ರೇನಮ್ಮಾ?"

ಇಲ್ಲ, ಅದೇ ಬಾಟಲಿ. ಅದೇ ಗ್ಲಾಸು.

ಮಲ್ಲಿಗೆ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತೇವೆ, ಅಲ್ವಾ? ಬೆಳಗ್ಗೆ ತೆಗೆದ ತಕ್ಷಣ ಮೂಗಿಗೆ ಹಿಡಿದರೆ ಅಷ್ಟೇನೂ ವಾಸನೆ ಇರುವುದಿಲ್ಲ. ಮುಡಿದು ಸ್ವಲ್ಪ ಹೊತ್ತಾದ ಮೇಲೆ ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೂ ಗೊತ್ತಾಗುತ್ತದೆ. ಹೂವು ಅದೇ. ಪರಿಮಳದ ಕಣಗಳು ಗಾಳಿಗೆ ಏಳಬೇಕಾದರೆ ಸ್ವಲ್ಪ ಬಿಸುಪು ಬೇಕು, ಅಷ್ಟೇ. ವೈನೂ ಹಾಗೆ. ನಾವು ವೈನಿನ ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಮೂಗಿನದ್ದು. ತೀರಾ ತಣ್ಣಗಿದ್ದರೆ ಪರಿಮಳ ಗ್ಲಾಸಿನಿಂದ ಮೇಲೇಳುವುದೇ ಇಲ್ಲ. ನಾಲಿಗೆಗೆ ಹುಳಿ ಮತ್ತು ಸಣ್ಣ ಕಹಿ ಮಾತ್ರ ಸಿಗುತ್ತದೆ. ಆಮೇಲೆ "ಇಟಲಿ ವೈನ್ ಸಪ್ಪೆ" ಅನ್ನುತ್ತಾರೆ. ಪಾಪ, ಅದಕ್ಕೆ ಬಾಯಿ ಬಿಡಲು ನಾವೇ ಬಿಟ್ಟಿರುವುದಿಲ್ಲ.

ಮನೆಯ ಫ್ರಿಜ್ಜು ಸುಮಾರು 4 ಡಿಗ್ರಿ ಇರುತ್ತದೆ. ಪ್ರೊಸೆಕ್ಕೊದಂಥ ಗುಳ್ಳೆ ಬರುವ ವೈನಿಗೆ 6ರಿಂದ 8 ಡಿಗ್ರಿ ಸರಿ. ಹಗುರವಾದ ಪಿನೊ ಗ್ರಿಜೊಗೆ 8ರಿಂದ 10. ಮೈತುಂಬಿದ ಫಿಯಾನೊ, ತಿಮೊರಾಸ್ಸೊ, ಕೆಲವು ವರ್ಷ ಇಟ್ಟ ವೆರ್ದಿಕ್ಕಿಯೊ ಇವೆಲ್ಲ 11ರಿಂದ 13 ಡಿಗ್ರಿಯಲ್ಲಿ ಚೆನ್ನ. ಇದು ನನ್ನ ಅನುಭವದ ಲೆಕ್ಕ. ಒಂದೆರಡು ಡಿಗ್ರಿ ಆಚೀಚೆ ಆದರೆ ಏನೂ ಕೆಡುವುದಿಲ್ಲ. ಥರ್ಮಾಮೀಟರ್ ಹಿಡಿದು ಕೂರಬೇಡಿ. ಫ್ರಿಜ್ಜಿನಿಂದ ತೆಗೆದು ಸುಮ್ನೆ 20 ನಿಮಿಷ ಹೊರಗಿಡಿ. ಏಪ್ರಿಲ್ ಸೆಕೆಯಲ್ಲಿ 10 ನಿಮಿಷ ಸಾಕು. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿಯಿಂದ ಮಾಡಿದ ನಮ್ಮ ಬಿಳಿ ವೈನುಗಳಿಗೂ ಇದೇ ಮಾತು.

ತೀರಾ ತಣ್ಣಗೆ ಕುಡಿಯುವ ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಇಟಲಿಯಿಂದ ಒಂದು ಕಾಲದಲ್ಲಿ ಹೊರದೇಶಕ್ಕೆ ಹೋಗುತ್ತಿದ್ದ ಬಿಳಿ ವೈನಿನಲ್ಲಿ ಜಾಸ್ತಿ ಪಾಲು ಅಗ್ಗದ್ದು, ರಾಶಿ ರಾಶಿ ಮಾಡಿದ್ದು. ವೆರೊನಾ ಹತ್ತಿರದ ಸೊಆವೆ ಎಂಬ ಬಿಳಿ ವೈನನ್ನೇ ತೆಗೆದುಕೊಳ್ಳಿ. ಹಳೆಯ ತೋಟಗಳಿರುವುದು ಗುಡ್ಡದ ಮೇಲೆ. ಅಲ್ಲಿ ಹಲವು ಕಡೆ ಜ್ವಾಲಾಮುಖಿಯ ಕಪ್ಪು ಮಣ್ಣು. ಹೆಸರಿಗೆ ಬೇಡಿಕೆ ಬಂದಮೇಲೆ ಕೆಳಗಿನ ಬಯಲಲ್ಲೂ ಬಳ್ಳಿ ಹಬ್ಬಿಸಿದರು. ಬಯಲಲ್ಲಿ ಬೆಳೆ ಜಾಸ್ತಿ, ರುಚಿ ತೆಳು. ತೆಳು ವೈನನ್ನು ಚಳಿ ಹಿಡಿಸಿ ಕೊಟ್ಟರೆ ಅದರ ಕೊರತೆ ಕಾಣುವುದಿಲ್ಲ. ಅಂಥ ವೈನಿಗೆ ಅದೇ ಸರಿ. ಆದರೆ ಲೇಬಲ್ಲಿನ ಮೇಲೆ 'ಕ್ಲಾಸಿಕೊ' ಅಂತ ಇದ್ದರೆ ಅದು ಆ ಹಳೆಯ ಗುಡ್ಡದ್ದು. ಪಿಯೆರೊಪಾನ್ ಮನೆತನ 1970ರ ದಶಕದಲ್ಲೇ ಕಾಲ್ವಾರಿನೊ, ಲಾ ರೊಕ್ಕಾ ಎಂಬ ಒಂದೊಂದು ತೋಟದ ದ್ರಾಕ್ಷಿಯನ್ನು ಬೇರೆ ಬೇರೆಯಾಗಿ ವೈನ್ ಮಾಡಿ, ಸೊಆವೆ ಅಂದರೆ ಏನು ಅಂತ ತೋರಿಸಿಕೊಟ್ಟಿತು. ಅದರಲ್ಲಿ ಕೊನೆಗೆ ಬಾದಾಮಿ ಸಿಪ್ಪೆ ಕಚ್ಚಿದಂಥ ಒಂದು ಒಗರು ಬರುತ್ತದೆ. ನನಗೆ ಅದು ತುಂಬಾ ಇಷ್ಟ. 4 ಡಿಗ್ರಿಯಲ್ಲಿ ಆ ಒಗರು ಬರೀ ಕಹಿಯಾಗಿಬಿಡುತ್ತದೆ.

ಒಂದು ಊರಿನ ಸಣ್ಣ ತಯಾರಕರನ್ನು ಮೆಚ್ಚುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಕೇಳುವುದು, ಅವರು ಮಾಡಿದ್ದನ್ನು ಅವರು ಮಾಡಿದ ಹಾಗೆ ಒಮ್ಮೆಯಾದರೂ ಕುಡಿಯಿರಿ ಅಂತ. ತಿಮೊರಾಸ್ಸೊ ಕಥೆ ಕೇಳಿ. ಇದು ವಾಯವ್ಯ ಇಟಲಿಯ ಪಿಯೆಮೊಂತೆಯ ತೊರ್ತೊನಾ ಊರಿನ ಸುತ್ತಲಿನ ಹಳೆಯ ದ್ರಾಕ್ಷಿ ತಳಿ. ಒಂದು ವರ್ಷ ಕೊಟ್ಟಷ್ಟು ಬೆಳೆ ಇನ್ನೊಂದು ವರ್ಷ ಕೊಡುವುದಿಲ್ಲ. ರೈತರು ಬೇಸತ್ತು ಕಿತ್ತುಹಾಕಿ ಕೊರ್ತೆಸೆ, ಬಾರ್ಬೆರಾ ನೆಟ್ಟರು. ತಳಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಮೊನ್ಲೆಆಲೆ ಎಂಬ ಹಳ್ಳಿಯ ವಾಲ್ತೆರ್ ಮಾಸ್ಸಾ ಎಂಬ ರೈತ ಉಳಿದಿದ್ದ ಬಳ್ಳಿಗಳನ್ನು ಬಿಡಲಿಲ್ಲ. 1980ರ ದಶಕದ ಕೊನೆಗೆ ಅದರಿಂದಲೇ ವೈನ್ ಮಾಡಿ ತೋರಿಸಿದರು. ಅಕ್ಕಪಕ್ಕದವರೂ ಮತ್ತೆ ನೆಟ್ಟರು. ಈಗ ಅದನ್ನು ತೊರ್ತೊನಾದ ರೋಮನ್ ಕಾಲದ ಹೆಸರಾದ 'ದೆರ್ತೊನಾ' ಎಂದು ಮಾರುತ್ತಾರೆ. ಜೇನು, ಗಿಡಮೂಲಿಕೆ, ಒದ್ದೆ ಕಲ್ಲು, ಇಷ್ಟೂ ಒಂದೇ ಗ್ಲಾಸಿನಲ್ಲಿ. ಅಂಥದ್ದಕ್ಕೆ ಮೂರು ಐಸ್ ತುಂಡು ಹಾಕುವುದನ್ನು ಕಂಡರೆ ನಿಜವಾಗಿ ಸಂಕಟವಾಗುತ್ತದೆ.

ಆ ಹಿರಿಯರು ಕುಡಿದ ಫಿಯಾನೊದ್ದೂ ಹೀಗೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಇಟಲಿಯ ಕಂಪಾನಿಯಾದಲ್ಲಿ ಎಲ್ಲರೂ ಹೆಚ್ಚು ಇಳುವರಿಯ ತಳಿ ಹುಡುಕುತ್ತಿದ್ದಾಗ ಅಂತೋನಿಯೊ ಮಾಸ್ತ್ರೊಬೆರಾರ್ದಿನೊ ಎಂಬ ವೈನ್ ತಯಾರಕರು ಊರಿನ ಫಿಯಾನೊ, ಗ್ರೆಕೊ ತಳಿಗಳನ್ನೇ ಹಿಡಿದುಕೊಂಡರು. 2003ರಲ್ಲಿ ಫಿಯಾನೊ ದಿ ಅವೆಲ್ಲಿನೊಗೆ ಇಟಲಿಯ ಅತಿ ಮೇಲಿನ ದರ್ಜೆ ಸಿಕ್ಕಿತು. ಅವೆಲ್ಲಿನೊ ಹೇಝಲ್‌ನಟ್ ಬೆಳೆಯುವ ಊರು. ವೈನು ಸ್ವಲ್ಪ ಬೆಚ್ಚಗಾದಾಗ ಹುರಿದ ಹೇಝಲ್‌ನಟ್ಟಿನ ವಾಸನೆಯೇ ಬರುತ್ತದೆ. ಕಾಣೆ ಮೀನಿನ ರವಾ ಫ್ರೈ ಜೊತೆ ಒಮ್ಮೆ ಕುಡಿದು ನೋಡಿ. ಖಾರ ಮಾತ್ರ ಕಡಿಮೆ ಇರಲಿ.

ಹಾಗಂತ ಬಿಸಿಯಾಗಲು ಬಿಡಬೇಡಿ. ಬೆಂಗಳೂರಿನ 28 ಡಿಗ್ರಿಯಲ್ಲಿ ಇಡೀ ಸಂಜೆ ಟೇಬಲ್ ಮೇಲಿಟ್ಟರೆ ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ. ಬಕೆಟ್ಟಿನಲ್ಲಿ ಐಸ್ ಜೊತೆ ನೀರೂ ಹಾಕಿ, ಬಾಟಲಿಯನ್ನು ಆಗಾಗ ಐದು ನಿಮಿಷ ಅದರಲ್ಲಿಡಿ, ತೆಗೆಯಿರಿ. ಬರೀ ಐಸ್ ಬಾಟಲಿಗೆ ಸರಿಯಾಗಿ ತಾಗುವುದಿಲ್ಲ, ನೀರಿದ್ದರೆ ಬೇಗ ತಣಿಯುತ್ತದೆ. ಗ್ಲಾಸಿಗೆ ಒಂದೇ ಸಲ ತುಂಬಬೇಡಿ. ಕುಡಿಯದವರು ಇದನ್ನು ಓದಿ ಶುರುಮಾಡಬೇಕಿಲ್ಲ. ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ.

ಇನ್ನೊಂದು ವಿಷಯ. ಬಾಟಲಿ ತಳದಲ್ಲಿ ಸಣ್ಣ ಗಾಜಿನ ಚೂರಿನಂಥ ಹರಳು ಕಂಡು ಹೆದರಿ ವಾಪಸ್ ಕಳಿಸುವವರಿದ್ದಾರೆ. ಅದು ಗಾಜಲ್ಲ. ದ್ರಾಕ್ಷಿಯಲ್ಲೇ ಇರುವ ಹುಳಿಯ ಉಪ್ಪು. ಚಳಿಗೆ ಹರಳುಗಟ್ಟುತ್ತದೆ. ಬೇಕರಿಯವರು ಕ್ರೀಮ್ ಆಫ್ ಟಾರ್ಟರ್ ಅನ್ನುವುದು ಇದನ್ನೇ. ದೊಡ್ಡ ಕಾರ್ಖಾನೆಗಳು ವೈನನ್ನು ಮೊದಲೇ ತುಂಬಾ ತಣಿಸಿ ಇದನ್ನು ತೆಗೆದುಬಿಡುತ್ತವೆ. ಸಣ್ಣ ತಯಾರಕರಲ್ಲಿ ಕೆಲವರು ವೈನನ್ನು ಅಷ್ಟು ಹಿಂಸಿಸುವುದು ಬೇಡ ಅಂತ ಹಾಗೇ ಬಿಡುತ್ತಾರೆ. ಹೊಟ್ಟೆಗೆ ಹೋದರೂ ಏನೂ ಆಗುವುದಿಲ್ಲ. ಬೇಡವೆಂದರೆ ಬಾಟಲಿಯನ್ನು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬಗ್ಗಿಸಿ, ಕೊನೆಯ ಎರಡು ಗುಟುಕು ಬಾಟಲಿಯಲ್ಲೇ ಬಿಡಿ.